ಇಬ್ಬರ ತಂಡ, ಹದಿನೈದು ಲೈನು

ಇನ್‌ಪುಟ್ ಲಿಸ್ಟ್, ಅಂದರೆ ತಂಡದಿಂದ ಮಿಕ್ಸರಿಗೆ ಬರುವ ಲೈನುಗಳ ಪಟ್ಟಿ, ಸೌಂಡಿನವರಾದ ನಮ್ಮ ಕೈಗೆ ಬಂದದ್ದು ಮೂರು ವಾರ ಮುಂಚೆ. ಅದರಲ್ಲಿ ಇದ್ದದ್ದು ಐದೇ ಸಾಲು: ಲ್ಯಾಪ್‌ಟಾಪ್ ಎಡ, ಲ್ಯಾಪ್‌ಟಾಪ್ ಬಲ, ಕ್ಲಿಕ್, ಎರಡು ಮೈಕು. ಅಮೆರಿಕದ ಪಾಪ್ ತಂಡ, ಇರುವವರು ಇಬ್ಬರೇ. ಹಾಡುವವಳೊಬ್ಬಳು, ಕೀಬೋರ್ಡು ಮತ್ತು ಲ್ಯಾಪ್‌ಟಾಪ್ ನೋಡಿಕೊಳ್ಳುವವನೊಬ್ಬ. ಇನ್ನೂರು ಮುನ್ನೂರು ಜನ ಹಿಡಿಸುವ ಕ್ಲಬ್ಬುಗಳಲ್ಲಿ ಹಾಡಿಕೊಂಡಿದ್ದವರು. ಪರದೇಶದ ಬಯಲು ವೇದಿಕೆ ಹತ್ತುತ್ತಿದ್ದದ್ದು ಪುಣೆಯಲ್ಲೇ ಮೊದಲು. ಡಿಸೆಂಬರ್ ತಿಂಗಳ ಶನಿವಾರ, ಸಂಜೆ 4:30ಕ್ಕೆ ಅವರ ಸರದಿ. ಹಾಡಲು 40 ನಿಮಿಷ, ಅದಕ್ಕೆ ಮುಂಚೆ ವೇದಿಕೆ ಬದಲಿಸಲು 20 ನಿಮಿಷ.

ಇಬ್ಬರೇ ಅಂದ ಕೂಡಲೇ ಸಂಘಟಕರಿಗೆ ಸಮಾಧಾನ. ಡ್ರಮ್ ಸೆಟ್ ಇಲ್ಲ, ಗಿಟಾರ್ ಆಂಪ್ ಇಲ್ಲ, ಹತ್ತು ನಿಮಿಷದ ಕೆಲಸ ಎಂಬ ಲೆಕ್ಕ. ಸೌಂಡಿನವರಿಗೆ ಚಿಂತೆ ಶುರುವಾಗುವುದೇ ಅಲ್ಲಿ. ಐದು ಜನರ ಬ್ಯಾಂಡಿನಲ್ಲಿ ಒಂದು ಗಿಟಾರಿನ ಕೇಬಲ್ ಸತ್ತರೆ ಉಳಿದ ನಾಲ್ವರು ಹಾಡನ್ನು ದಡ ಮುಟ್ಟಿಸುತ್ತಾರೆ. ಇಬ್ಬರ ತಂಡದಲ್ಲಿ ಡ್ರಮ್, ಬಾಸ್, ಕೀಬೋರ್ಡು, ಕೋರಸ್ಸು ಎಲ್ಲವೂ ಒಂದೇ ಲ್ಯಾಪ್‌ಟಾಪಿನಿಂದ, ಒಂದೇ ಯುಎಸ್‌ಬಿ ಕೇಬಲಿನಲ್ಲಿ ಬರುತ್ತವೆ. ಆ ಪಿನ್ನು ಅರ್ಧ ಸೆಂಟಿಮೀಟರ್ ಜರುಗಿದರೆ ಉಳಿಯುವುದು ಮೈಕು ಹಿಡಿದು ನಿಂತ ಹುಡುಗಿಯ ದನಿ ಮಾತ್ರ. ಜಪಾನಿನ ಯೋಆಸೋಬಿಯೂ ಇಬ್ಬರದೇ ತಂಡ. 2024ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯದ ಕೋಚೆಲ್ಲಾ ಉತ್ಸವದಲ್ಲಿ ಅವರು ಹಾಡಿದಾಗ ಜೊತೆಗೆ ವಾದ್ಯದವರಿದ್ದರು. ಹೊಸದಾಗಿ ಹೊರಟವರಿಗೆ ಅಷ್ಟು ಜನರ ವಿಮಾನದ ಟಿಕೆಟ್ಟಿಗೆ ಹಣ ಎಲ್ಲಿಂದ ಬರಬೇಕು?

ಹಾಗಾಗಿ ಎರಡು ವಿನಂತಿ ಬರೆದು ಕಳಿಸಿದೆವು. ಮೊದಲನೆಯದು, ಲ್ಯಾಪ್‌ಟಾಪಿನ ಸದ್ದನ್ನು ಎಡ-ಬಲ ಎಂದು ಎರಡೇ ಲೈನಿನಲ್ಲಿ ಕೊಡಬೇಡಿ, ಎಂಟಾಗಿ ಬಿಡಿಸಿ ಕೊಡಿ. ಮನೆಯ ಐದಿಂಚು ಸ್ಪೀಕರಿನಲ್ಲಿ ಕೂತು ಹದ ಮಾಡಿದ ಮಿಕ್ಸು ಬಯಲಿನ 18 ಇಂಚಿನ ಸಬ್‌ಗಳಿಗೆ (ತಗ್ಗು ದನಿಯ ದೊಡ್ಡ ಸ್ಪೀಕರುಗಳಿಗೆ) ಹೋದಾಗ ಕಿಕ್ಕೂ (ದೊಡ್ಡ ಡ್ರಮ್ಮಿನ ಸದ್ದು) ಬಾಸೂ ಒಂದರ ಮೇಲೊಂದು ಬಿದ್ದು ಗುಂಯ್ ಎನ್ನುತ್ತವೆ. ಎರಡೇ ಲೈನಿದ್ದರೆ ಬಾಸ್ ತಗ್ಗಿಸಲು ಹೋದಾಗ ಅದರ ಜೊತೆ ಕಿಕ್ಕಿನ ಪೆಟ್ಟೂ ಹೋಗುತ್ತದೆ. ಎಂಟಿದ್ದರೆ ಕಿಕ್ ಒಂದರಲ್ಲಿ, ಬಾಸ್ ಎರಡರಲ್ಲಿ, ಉಳಿದ ತಾಳ 3–4ರಲ್ಲಿ, ಸಿಂತ್ (ಸಿಂತಸೈಸರಿನ ದನಿ) 5–6ರಲ್ಲಿ, ಕೋರಸ್ 7ರಲ್ಲಿ, ಕ್ಲಿಕ್ 8ರಲ್ಲಿ. ಕ್ಲಿಕ್ ಅಂದರೆ ಕಲಾವಿದರ ಕಿವಿಗೆ ಮಾತ್ರ ಕೇಳಬೇಕಾದ ಟಿಕ್ ಟಿಕ್ ಲಯ. ಅದು ಜನರ ಸ್ಪೀಕರಿಗೆ ಬಂದರೆ ಮರ್ಯಾದೆ ಹೋದಂತೆ.

ಎರಡನೆಯದು ಇನ್ನೂ ಮುಖ್ಯ: ಲ್ಯಾಪ್‌ಟಾಪಿನ ಹಂಗಿಲ್ಲದೆ ನುಡಿಯುವ ಒಂದು ವಾದ್ಯವಾದರೂ ತನ್ನಿ. ಅವನ ಬಳಿ ಹಳೆಯ ಅನಲಾಗ್ ಸಿಂತಸೈಸರ್ ಒಂದಿತ್ತು. ಭಾರ ಎಂದು ಮನೆಯಲ್ಲೇ ಬಿಟ್ಟು, ಅದರ ದನಿಗಳನ್ನು ಲ್ಯಾಪ್‌ಟಾಪಿಗೆ ತುಂಬಿಕೊಂಡು ಬರುವುದೆಂದು ನಿಶ್ಚಯಿಸಿದ್ದ. ನಮ್ಮ ಮಾತಿಗೆ ಬೆಲೆ ಕೊಟ್ಟು ಹೊತ್ತು ತಂದ. ಅದಕ್ಕೆರಡು ಲೈನು, ಡ್ರಮ್ ಪ್ಯಾಡಿಗೆರಡು, ಅವಳ ಮೈಕು, ಅವನ ಮೈಕು, ಒಂದು ಬಿಡಿ ಮೈಕು. ಐದಿದ್ದದ್ದು ಹದಿನೈದಾಯಿತು.

ಶನಿವಾರ ಬೆಳಿಗ್ಗೆ 7ಕ್ಕೆ ಮೀಟರ್ ಹಿಡಿದು ಕರೆಂಟಿನಿಂದ ಶುರು. ಸೌಂಡಿಗೆ 125 ಕೆವಿಎ ಜನರೇಟರ್ ಬೇರೆ, ಲೈಟಿಗೆ ಬೇರೆ. ಎರಡನ್ನೂ ಒಂದಕ್ಕೇ ಕಟ್ಟಿದರೆ ಲೈಟಿನ ಡಿಮ್ಮರಿನ ಝೇಂಕಾರ ಸ್ಪೀಕರಿನಲ್ಲಿ ಕೇಳುತ್ತದೆ. ಫೇಸ್-ನ್ಯೂಟ್ರಲ್ ನಡುವೆ 231 ವೋಲ್ಟ್, ಸರಿ. ನ್ಯೂಟ್ರಲ್-ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚಿರಬಾರದು. ಮೀಟರು ತೋರಿಸಿದ್ದು 38. ಜನರೇಟರ್ ನೋಡಿಕೊಳ್ಳುತ್ತಿದ್ದವರು ಇಂಡಿ ಕಡೆಯ ಹಿರಿಯರು. ಪುಣೆಯ ಇಂಥ ಬಯಲುಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ಕನ್ನಡ ಕಿವಿಗೆ ಬೀಳದ ದಿನವೇ ಇಲ್ಲ. "ಕಾಕಾ, ಅರ್ಥ್ ಸರಿ ಇಲ್ಲ ನೋಡ್ರಿ" ಎಂದದ್ದೇ ತಡ, ಬಗ್ಗಿ ರಾಡಿನ ಬುಡದ ಮಣ್ಣು ಕೆದಕಿ ನೋಡಿದರು. "ತಮ್ಮಾ, ನೆಲ ಪೂರಾ ಒಣಗೇತಿ. ರಾಡಿಗೆ ಹಸಿ ಮಣ್ಣ ಸಿಕ್ಕಿಲ್ಲ. ಇನ್ನೊಂದ ರಾಡ್ ಹೊಡ್ಯೂಣು, ಎರಡ ಕೊಡ ಉಪ್ಪುನೀರ ತರ್ಸು." ಮೊದಲ ರಾಡ್ ಎಷ್ಟುದ್ದವೋ ಕನಿಷ್ಠ ಅಷ್ಟು ದೂರ ಬಿಟ್ಟು ಎರಡನೆಯದನ್ನು ಹೊಡೆದು, ಎರಡನ್ನೂ ದಪ್ಪ ತಂತಿಯಿಂದ ಜೋಡಿಸಿ, ನೀರು ಹೊಯ್ದರು. ಅರ್ಧ ಗಂಟೆ ಬಿಟ್ಟು ನೋಡಿದರೆ 2 ವೋಲ್ಟ್. ನೆಲ ಮತ್ತೆ ಒಣಗುತ್ತದೆಂದು ಮಧ್ಯಾಹ್ನವೂ ಒಂದು ಕೊಡ ಸುರಿದರು, ಯಾರೂ ಹೇಳದೆ.

ಸಿಂತಸೈಸರಿನ ಬೆನ್ನಿಗೆ 120 ವೋಲ್ಟ್, 60 ಹರ್ಟ್ಸ್ ಎಂದು ಬರೆದಿತ್ತು. ಲ್ಯಾಪ್‌ಟಾಪಿನ ಅಡಾಪ್ಟರಿಗೆ 100ರಿಂದ 240ರವರೆಗೆ ಯಾವ ವೋಲ್ಟೂ ನಡೆಯುತ್ತದೆ. ಒಳಗೇ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ವಾದ್ಯಕ್ಕೆ ನಡೆಯುವುದಿಲ್ಲ. ನಮ್ಮ 230ಕ್ಕೆ ನೇರ ಚುಚ್ಚಿದರೆ, ಪುಣ್ಯವಿದ್ದರೆ ಫ್ಯೂಸ್ ಹೋಗುತ್ತದೆ, ಇಲ್ಲದಿದ್ದರೆ ವಾದ್ಯವೇ ಸುಡುತ್ತದೆ. 230ನ್ನು 120ಕ್ಕೆ ಇಳಿಸುವ 500 ವಿಎಯ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡಿದ್ದೆವು. ಎಡವಟ್ಟಾದದ್ದು ಪಿನ್ನಿನಲ್ಲಿ. ವಿಮಾನ ನಿಲ್ದಾಣದಲ್ಲಿ ಅವನು ಕೊಂಡ ಪಿನ್ ಕನ್ವರ್ಟರಿನಲ್ಲಿ ಅರ್ಥಿನ ಪಿನ್ನೇ ಇರಲಿಲ್ಲ. ಸಿಂತಿನ ಮೇಲೆ ಒಂದು ಕೈ ಇಟ್ಟು ಮೈಕಿಗೆ ತುಟಿ ತಾಕಿಸಿದ ಅವನು ಚುರುಕ್ಕೆಂದು ಹಿಂದೆ ಸರಿದ. ಸಿಂತಿನ ಲೋಹದ ಮೈಗೂ ಮೈಕಿನ ಜಾಲರಿಗೂ ನಡುವೆ ಮೀಟರಿಟ್ಟರೆ ತೊಂಬತ್ತರ ಆಸುಪಾಸು ವೋಲ್ಟ್. ಸೋರಿ ಬರುವ ಕರೆಂಟು ಅತ್ಯಲ್ಪ, ಚುರುಕ್ಕೆಂದು ಬಿಡುತ್ತದೆ. ಆದರೆ ಒಳಗೆ ತಂತಿಯೊಂದು ಕಳಚಿ ಲೋಹಕ್ಕೆ ತಾಗಿದ ದಿನ ಇದೇ ಅರ್ಥಿಲ್ಲದ ಪಿನ್ನು ಜೀವ ತೆಗೆಯುತ್ತದೆ. ಮೂರು ಪಿನ್ನಿನ ಸರಿಯಾದ ವಯರ್ ಹಾಕಿದೆವು, ಚುರುಕು ಹೋಯಿತು, ಸಣ್ಣದೊಂದು ಹಮ್ ಉಳಿಯಿತು. ಅದಕ್ಕೆ ಡಿಐ ಬಾಕ್ಸಿನ (ವಾದ್ಯದ ಸದ್ದನ್ನು ಮಿಕ್ಸರಿಗೆ ಹದಮಾಡಿ ಕೊಡುವ ಪೆಟ್ಟಿಗೆಯ) ಗ್ರೌಂಡ್ ಲಿಫ್ಟ್ ಗುಂಡಿ ಇದೆ. ಅದು ಬಿಡಿಸುವುದು ಆಡಿಯೊ ಕೇಬಲಿನ ಗ್ರೌಂಡನ್ನು ಮಾತ್ರ. ಹಮ್ ಹೋಗಲೆಂದು ಕರೆಂಟಿನ ಅರ್ಥ್ ಪಿನ್ನು ಕೀಳುವವರನ್ನು ಇವತ್ತಿಗೂ ವೇದಿಕೆಗಳಲ್ಲಿ ಕಾಣುತ್ತೇವೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಸೌಂಡ್ ಚೆಕ್ 11ಕ್ಕೆ. ಅವನು ಒಂದು ಒಳ್ಳೆಯ ತಯಾರಿ ಮಾಡಿಕೊಂಡು ಬಂದಿದ್ದ. ಎಂಟು ಔಟ್‌ಪುಟ್ಟಿನಲ್ಲೂ ಅವಳ ದನಿಯಲ್ಲೇ "ಒಂದು, ಕಿಕ್", "ಎರಡು, ಬಾಸ್" ಎಂದು ಹೇಳುವ ಫೈಲು. ಅದನ್ನು ಓಡಿಸಿದರೆ ಯಾವ ಲೈನು ಎಲ್ಲಿಗೆ ಹೋಗುತ್ತಿದೆ ಎಂದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ. 7 ಮತ್ತು 8 ಅದಲುಬದಲಾದದ್ದು ಸಿಕ್ಕಿದ್ದು ಹಾಗೆಯೇ. ಫೈಲು ಇಲ್ಲದಿದ್ದರೆ ಸಂಜೆ ಕೋರಸ್ಸಿನ ಜಾಗದಲ್ಲಿ ಕ್ಲಿಕ್ ಕೇಳುತ್ತಿತ್ತು. ಬಫರ್, ಅಂದರೆ ಸದ್ದನ್ನು ಹೊರಗೆ ಕಳಿಸುವ ಮುನ್ನ ಲ್ಯಾಪ್‌ಟಾಪ್ ಕೂಡಿಟ್ಟುಕೊಳ್ಳುವ ಪಾಲು, ಎಷ್ಟಿಡುವುದು ಎಂಬುದರ ಮೇಲೆ ಸ್ವಲ್ಪ ಚರ್ಚೆಯಾಯಿತು. 48 ಕಿಲೊಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಅಂದರೆ 2.7 ಮಿಲಿಸೆಕೆಂಡ್, ಬೆರಳಿಗೂ ಸದ್ದಿಗೂ ಅಂತರ ಗೊತ್ತಾಗುವುದಿಲ್ಲ, ಆದರೆ ಲ್ಯಾಪ್‌ಟಾಪ್ ದಣಿದರೆ ಪಟಪಟ ಒಡೆಯುತ್ತದೆ. 512 ಅಂದರೆ 10.7 ಮಿಲಿಸೆಕೆಂಡ್, ಬರೀ ಟ್ರ್ಯಾಕ್ ಓಡಿಸುವವರಿಗೆ ಅದೇ ಕ್ಷೇಮ. ನುಡಿಸುವ ವಾದ್ಯ ಲ್ಯಾಪ್‌ಟಾಪಿನಿಂದ ಹೊರಗೆ ಬಂದಿತ್ತಾದ್ದರಿಂದ ಧೈರ್ಯವಾಗಿ 512 ಇಟ್ಟೆವು. ವೈಫೈ, ಸ್ಲೀಪ್, ಅಪ್‌ಡೇಟ್ ಎಲ್ಲ ಬಂದ್. ಎರಡು ಪ್ಲಗಿನ್‌ಗಳು (ಸದ್ದು ಹುಟ್ಟಿಸುವ, ಬದಲಿಸುವ ಪುಟ್ಟ ಸಾಫ್ಟ್‌ವೇರುಗಳು) ಲೈಸೆನ್ಸಿಗಾಗಿ ಇಂಟರ್ನೆಟ್ ಕೇಳುವಂಥವು. ಸಾವಿರಾರು ಜನ ಸೇರಿದ ಮೇಲೆ ಬಯಲಿನಲ್ಲಿ ಮೊಬೈಲ್ ಸಿಗ್ನಲ್ ಸತ್ತಂತೆಯೇ. ಆ ಟ್ರ್ಯಾಕುಗಳನ್ನು ಅಲ್ಲೇ ಕೂರಿಸಿ ಆಡಿಯೊ ಫೈಲಾಗಿ ಇಳಿಸಿಕೊಳ್ಳಲು ಹೇಳಿದೆವು.

ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಡಿಸೆಂಬರಿನ ಪುಣೆ ಎಂದರೆ ಚಳಿ ಎಂದುಕೊಳ್ಳುವವರು ಮಧ್ಯಾಹ್ನದ ವೇದಿಕೆಯ ಮೇಲೆ ನಿಂತಿಲ್ಲ. ಕಪ್ಪು ಬಟ್ಟೆ ಹೊದಿಸಿದ ಮೇಜು ಕೈ ಇಡಲಾಗದಷ್ಟು ಕಾಯುತ್ತದೆ. ಅವನ ಮ್ಯಾಕ್‌ಬುಕ್‌ಗೆ ಕಂಪನಿಯೇ ಹೇಳುವ ಮಿತಿ 35 ಡಿಗ್ರಿ. ಮೊದಲು ಫ್ಯಾನು ಕೂಗುತ್ತದೆ, ಆಮೇಲೆ ವೇಗ ತಗ್ಗುತ್ತದೆ, ಆಮೇಲೆ ಸದ್ದು ಒಡೆಯುತ್ತದೆ. ಚೆಕ್ ಮುಗಿದ ಕೂಡಲೇ ಲ್ಯಾಪ್‌ಟಾಪ್ ಬಿಚ್ಚಿಕೊಂಡು ನೆರಳಿಗೆ ಹೋದ. ಹೋಗಲಿ ಎಂದವರು ನಾವೇ.

ಉಳಿದದ್ದೆಲ್ಲ 8 ಅಡಿ 4 ಅಡಿಯ ಗಾಲಿ ರೈಸರಿನ (ತಳ್ಳಿಕೊಂಡು ಹೋಗುವ ಪುಟ್ಟ ವೇದಿಕೆಯ) ಮೇಲೆ, ಹಿಂಬದಿಯಲ್ಲಿ. ಸಿಂತಿಗೆ ರೈಸರಿನ ಮೇಲೇ ಒಂದು ಯುಪಿಎಸ್ ಕಟ್ಟಿದ್ದೆವು. ಅನಲಾಗ್ ಸಿಂತ್ ಆನ್ ಮಾಡಿದ ಮೊದಲ ಅರ್ಧ ಗಂಟೆ ಶ್ರುತಿಯಲ್ಲಿ ನಿಲ್ಲುವುದಿಲ್ಲ, ಒಳಗಿನ ಭಾಗಗಳು ಕಾಯ್ದು ಹದಕ್ಕೆ ಬರಬೇಕು. ರೈಸರ್ ತಳ್ಳುವಾಗ ಕರೆಂಟು ಕಿತ್ತರೆ ಮತ್ತೆ ಮೊದಲಿನಿಂದ. ಗದಗ ಸೀಮೆಯಿಂದ ಬಂದ ಭೀಮಸೇನ ಜೋಶಿಯವರು ಗುರು ಸವಾಯಿ ಗಂಧರ್ವರ ನೆನಪಿಗೆಂದು 1953ರಲ್ಲಿ ಇದೇ ಊರಿನಲ್ಲಿ ಶುರುಮಾಡಿದ ಉತ್ಸವವೂ ಡಿಸೆಂಬರಿನದೇ. ಅಲ್ಲಿ ತಂಬೂರಿಗಳನ್ನು ವೇದಿಕೆಯ ಗಾಳಿಗೆ ಒಗ್ಗಲು ಬಿಟ್ಟು ಮತ್ತೆ ಶ್ರುತಿ ಕೂಡಿಸುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅವಳ ತೊಂದರೆ ಬೇರೆ. ಕಿವಿಯೊಳಗಿನ ಮಾನಿಟರ್ (ತಮ್ಮ ಸದ್ದು ಕೇಳಿಸಿಕೊಳ್ಳುವ ಇಯರ್‌ಫೋನು) ಹಾಕಿಕೊಂಡರೆ ಬಯಲಿನಲ್ಲಿ ತನ್ನ ದನಿ ಒಣಒಣ ಎನ್ನುತ್ತದೆಂದು ಒಂದು ಕಿವಿಯದನ್ನು ತೆಗೆದುಬಿಡುತ್ತಿದ್ದಳು. ಹೊಸಬರೆಲ್ಲ ಹೀಗೇ ಮಾಡುತ್ತಾರೆ. ಎದುರಿನ ಕಟ್ಟಡ 60 ಮೀಟರ್ ದೂರ. ಸದ್ದು ಹೋಗಿ ಗೋಡೆಗೆ ಬಡಿದು ಬರಲು ಸೆಕೆಂಡಿನ ಮೂರರಲ್ಲೊಂದು ಭಾಗ ಬೇಕು. ತೆರೆದ ಕಿವಿಗೆ ಆ ಹಳೆಯ ತಾಳ, ಮುಚ್ಚಿದ ಕಿವಿಗೆ ಈಗಿನ ತಾಳ, ಹಾಡುವವರು ಯಾವುದನ್ನು ನಂಬಬೇಕು? ವೇದಿಕೆಯ ಎರಡು ಮೂಲೆಯಲ್ಲಿ ಜನರ ಕಡೆ ಮುಖ ಮಾಡಿ ಎರಡು ಮೈಕಿಟ್ಟು, ಆ ಗದ್ದಲವನ್ನು ತುಸುವೇ ಅವಳ ಕಿವಿಗೆ ಕೊಟ್ಟು, ದನಿಗೆ ಚೂರು ರಿವರ್ಬ್ (ಹಾಲ್‌ನಲ್ಲಿ ಹಾಡಿದಂಥ ಗುಂಗು) ಸೇರಿಸಿದೆವು. ಆಮೇಲೆ ತೆಗೆಯಲಿಲ್ಲ.

4:10ಕ್ಕೆ ಹಿಂದಿನ ಬ್ಯಾಂಡ್ ಇಳಿಯಿತು. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಲೇಬೇಕೆಂಬ ನಿಯಮವಿರುವುದರಿಂದ ಇಲ್ಲಿ ಕಳೆದ ಐದು ನಿಮಿಷ ಕೊನೆಯ ತಂಡದ ಒಂದು ಹಾಡನ್ನು ತಿನ್ನುತ್ತದೆ. ರೈಸರ್ ತಳ್ಳಿ, ಗಾಲಿ ಲಾಕ್ ಮಾಡಿ, ಲೂಮ್ (ಎಲ್ಲ ಕೇಬಲುಗಳ ಒಂದೇ ಕಟ್ಟು) ಚುಚ್ಚಿ, ಲೈನ್ ಚೆಕ್ ಮುಗಿಸಿದಾಗ 4:26. ಅವನು ಲ್ಯಾಪ್‌ಟಾಪ್ ತಂದು ಯುಎಸ್‌ಬಿ ಚುಚ್ಚಿದ. ಎಂಟೂ ಲೈನು ಬಂದವು.

ಮೂರನೆಯ ಹಾಡಿನ ಎರಡನೇ ಚರಣದಲ್ಲಿ ಎಂಟೂ ಒಟ್ಟಿಗೆ ಹೋದವು.

ಎಫ್‌ಓಎಚ್‌ನಲ್ಲಿದ್ದವರು (ಜನರಿಗೆ ಕೇಳುವ ಸದ್ದಿನ ಮಿಕ್ಸರ್ ಹಿಡಿದವರು) ಮೊದಲು ಮಾಡಿದ ಕೆಲಸ 1ರಿಂದ 8 ಮ್ಯೂಟ್ ಮಾಡಿದ್ದು. ಲ್ಯಾಪ್‌ಟಾಪಿನ ಸದ್ದನ್ನು ಎಂಟು ಲೈನಾಗಿ ಹೊರಗೆ ಕೊಡುವ ಪೆಟ್ಟಿಗೆಯಾದ ಇಂಟರ್‌ಫೇಸ್ ಮತ್ತೆ ಜೋಡಣೆಯಾಗುವಾಗ ಢಬ್ಬೆಂದು ಬರುವ ಸದ್ದು ಸಬ್‌ಗಳಿಗೆ ಹೋಗಬಾರದು. ಕಲಾವಿದರ ಕಿವಿಯ ಸದ್ದು ನೋಡಿಕೊಳ್ಳುವ ಮಾನಿಟರ್ ಮಿಕ್ಸರಿನಿಂದ ಇಬ್ಬರ ಕಿವಿಗೂ ಒಂದೇ ಮಾತು: "ಸಿಂತ್ ನುಡಿಸು, ನೀನು ಹಾಡು." ಅವಳು ನಿಲ್ಲಿಸಿರಲೇ ಇಲ್ಲ. ಅವನು ಲ್ಯಾಪ್‌ಟಾಪ್ ಕಡೆ ಚಾಚಿದ್ದ ಕೈಯನ್ನು ಹಿಂದೆಳೆದು ಸಿಂತಿನ ಮೇಲೆ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಹಿಡಿದ. ಜನ ತಾವಾಗಿಯೇ ಚಪ್ಪಾಳೆಯಲ್ಲಿ ತಾಳ ಕೊಟ್ಟರು. ಸುಮಾರು 70 ಸೆಕೆಂಡ್, ಆ ಹಾಡು ಒಂದು ದನಿ, ಒಂದು ವಾದ್ಯದಲ್ಲೇ ಮುಗಿಯಿತು. ಟ್ರ್ಯಾಕನ್ನು ಹಾಡಿನ ನಡುವೆ ಮತ್ತೆ ಎಬ್ಬಿಸಬೇಡ ಎಂದು ಮುಂಚೆಯೇ ಮಾತಾಗಿತ್ತು, ಏಕೆಂದರೆ ಜನರ ಚಪ್ಪಾಳೆಗೂ ಕ್ಲಿಕ್ಕಿಗೂ ಹೊಂದುವುದಿಲ್ಲ. ಹಾಡು ಮುಗಿದ ಮೇಲೆ ಕೇಬಲ್ ಚುಚ್ಚಿ, ಸಾಫ್ಟ್‌ವೇರಿನಲ್ಲಿ ಇಂಟರ್‌ಫೇಸನ್ನು ಮತ್ತೆ ಆರಿಸಿ, ನಾವು ಮ್ಯೂಟ್ ಬಿಟ್ಟ ಮೇಲೆ ನಾಲ್ಕನೆಯದು ಶುರುಮಾಡಿದ. 5:10ಕ್ಕೆ ಸರಿಯಾಗಿ ಇಳಿದರು.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಸಬ್‌ಗಳು ವೇದಿಕೆಯ ಹಲಗೆಯ ಕೆಳಗೇ ಇದ್ದವು. ಕಿಕ್ಕಿನ ಪ್ರತಿ ಪೆಟ್ಟಿಗೂ ಮೇಜು ನಡುಗುತ್ತಿತ್ತು. ಇಂಟರ್‌ಫೇಸಿನ ಹಿಂದಿನ ಯುಎಸ್‌ಬಿ ಕಿಂಡಿಗೆ ಲಾಕ್ ಇರುವುದಿಲ್ಲ, ಮೂರು ಮೀಟರ್ ಕೇಬಲಿನ ಭಾರ ಜೋತು ಎಳೆಯುತ್ತಿತ್ತು. ಬೆಳಿಗ್ಗೆ ಅದನ್ನು ಸುರುಳಿ ಮಾಡಿ ಗ್ಯಾಫರ್ ಟೇಪ್ ಹಾಕಿದ್ದೆವು. ಬಿಸಿಲಿಗೆಂದು ಬಿಚ್ಚಿದಾಗ ಟೇಪ್ ಕಿತ್ತುಬಂತು, ಸಂಜೆ ಮತ್ತೆ ಹಾಕುವುದು ನಮ್ಮ ಪಟ್ಟಿಯಲ್ಲಿ ಬರೆದಿರಲಿಲ್ಲ. ತಪ್ಪು ನಮ್ಮದು. ಈಗ ಪಟ್ಟಿಯ ಕೊನೆಯ ಸಾಲು ಅದೇ: ಕಿಂಡಿಯಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ ಒಂದು ಸಡಿಲ ಸುರುಳಿ, ಅದರ ಮೇಲೆ ಅಡ್ಡ ಟೇಪು, ಮೇಜಿನ ಕಾಲಿಗೆ ಎರಡಿಂಚು ಫೋಮ್, ಮೇಜು ಅಲುಗಾಡಿಸಿ ನೋಡಿದ ಮೇಲೆಯೇ ಸೈ. ಹಣವಿದ್ದವರು ಎರಡನೇ ಲ್ಯಾಪ್‌ಟಾಪ್ ಇಟ್ಟು, ಒಂದು ಸತ್ತರೆ ತಾನಾಗಿ ಇನ್ನೊಂದಕ್ಕೆ ಹಾರುವ ಸ್ವಿಚರ್ ಹಾಕಿಕೊಳ್ಳಲಿ. ರೇಡಿಯಲ್ ಕಂಪನಿಯ ಎಸ್‌ಡಬ್ಲ್ಯೂ8 ಅಂಥದ್ದೇ. ಅದಾಗುವವರೆಗೆ ಒಂದು ಹೊರಗಿನ ವಾದ್ಯ ಸಾಕು.

ಸಾಮಾನು ಕಟ್ಟುವಾಗ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರನ್ನು, ಮೂರು ಪಿನ್ನಿನ ವಯರ್ ಸಮೇತ, ಅವರ ಪೆಟ್ಟಿಗೆಯಲ್ಲೇ ಇಟ್ಟೆವು. ಮುಂದಿನ ಕಾರ್ಯಕ್ರಮ ಸಿಂಗಾಪುರದಲ್ಲಿ. ಅಲ್ಲೂ 230 ವೋಲ್ಟೇ, ಪಿನ್ನು ಮಾತ್ರ ಚೌಕ.