ವಾರ್ಸಾದ ಹಳೇ ಪೇಟೆ ನಕಲಿಯಾ?

ಪೋಲೆಂಡ್‌ಗೆ ಹೊರಟವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು: "ವಾರ್ಸಾದ ಹಳೇ ಪೇಟೆಯನ್ನು ಯುದ್ಧ ಮುಗಿದ ಮೇಲೆ ಕಟ್ಟಿದ್ದಂತೆ. ಎಲ್ಲಾ ಡೂಪ್ಲಿಕೇಟ್ ಅಲ್ವಾ? ಸುಮ್ನೆ ಕ್ರಾಕೋವ್‌ಗೆ ಹೋದ್ರೆ ಸಾಕಲ್ವಾ?"

ಕ್ರಾಕೋವ್‌ಗೆ ಖಂಡಿತ ಹೋಗಿ. ಎರಡನೇ ಮಹಾಯುದ್ಧದಲ್ಲಿ ಜಾಸ್ತಿ ಪೆಟ್ಟು ತಿನ್ನದೆ ಉಳಿದ ಊರು ಅದು. ಪೋಲೆಂಡಿನ ದೊರೆ ಮೂರನೇ ಸಿಗಿಸ್ಮಂಡ್ 1596ರ ಹೊತ್ತಿಗೆ ಆಸ್ಥಾನವನ್ನು ವಾರ್ಸಾ ಕಡೆಗೆ ತಿರುಗಿಸುವ ತನಕ ದೊರೆಗಳು ಇದ್ದದ್ದೂ ಅಲ್ಲೇ. ಆದರೆ ನಕಲಿ ಅಂತ ವಾರ್ಸಾವನ್ನು ಬಿಡಬೇಡಿ.

1944ರ ಆಗಸ್ಟ್ 1ರಂದು ವಾರ್ಸಾದ ಜನ ಊರನ್ನು ಆಕ್ರಮಿಸಿದ್ದ ಜರ್ಮನ್ನರ ವಿರುದ್ಧ ದಂಗೆ ಎದ್ದರು. 63 ದಿನ ಹೋರಾಡಿ ಸೋತರು. ಆಮೇಲೆ ನಡೆದದ್ದು ಯುದ್ಧ ಅಲ್ಲ, ಸೇಡು. ಜರ್ಮನ್ನರು ಉಳಿದವರನ್ನು ಊರಿಂದ ಹೊರಗಟ್ಟಿ, ಮನೆಗಳಿಗೆ ಸಾಲಾಗಿ ಬೆಂಕಿ ಇಟ್ಟರು, ಡೈನಮೈಟ್ ಸಿಡಿಸಿದರು. ಅರಮನೆ ಹೋಯಿತು, ಗ್ರಂಥಾಲಯಗಳು ಹೋದವು. 1945ರ ಜನವರಿಯಲ್ಲಿ ಊರಿನ ನೂರಕ್ಕೆ ಸುಮಾರು 85 ಭಾಗ ಹಾಳುಬಿದ್ದಿತ್ತು.

ಹಾಗಾದರೆ ಮತ್ತೆ ಕಟ್ಟಿದ್ದು ಏನನ್ನು ನೋಡಿಕೊಂಡು? ವಾರ್ಸಾದ ತಾಂತ್ರಿಕ ವಿಶ್ವವಿದ್ಯಾಲಯವಾದ ಪಾಲಿಟೆಕ್ನಿಕ್‌ನ ವಾಸ್ತುಶಿಲ್ಪ ವಿಭಾಗದವರು ಹಳೇ ಕಟ್ಟಡಗಳನ್ನು ಅಳೆದು ಬರೆದ ನಕ್ಷೆಗಳಿದ್ದವು. ದಂಗೆ ಸೋತ ಮೇಲೆ ಅವನ್ನು ಉರಿಯುತ್ತಿದ್ದ ಊರಿಂದ ಕದ್ದು ಸಾಗಿಸಿ, ಪಿಯೋತ್ರ್ಕುಫ್ ಎಂಬ ಊರಿನ ಮಠದಲ್ಲಿ ಬಚ್ಚಿಟ್ಟಿದ್ದರು. ಪ್ರಾಣ ಉಳಿದರೆ ಸಾಕು ಎನ್ನುವ ಹೊತ್ತಲ್ಲಿ ನಕ್ಷೆ ಉಳಿಸಿದ ಜನ ಇವರು! 18ನೇ ಶತಮಾನದಲ್ಲಿ ಬೆಲ್ಲೊತ್ತೊ ಎಂಬ ಆಸ್ಥಾನ ಕಲಾವಿದ ಬಿಡಿಸಿದ ಬೀದಿ ಚಿತ್ರಗಳೂ ನೆರವಿಗೆ ಬಂದವು. ಅವಶೇಷದಲ್ಲಿ ಸಿಕ್ಕ ಇಟ್ಟಿಗೆ, ಕೆತ್ತನೆ ಕಲ್ಲುಗಳನ್ನೂ ಬಳಸಿಕೊಂಡರು. 1953ಕ್ಕೆ ಮಾರುಕಟ್ಟೆ ಚೌಕ ಮತ್ತೆ ಎದ್ದು ನಿಂತಿತು. ಅರಮನೆ ಕೆಲಸ ಶುರುವಾಗಿದ್ದೇ 1971ರಲ್ಲಿ, ಅದೂ ಜನ ಕೊಟ್ಟ ದೇಣಿಗೆಯಿಂದ. 1980ರಲ್ಲಿ ಯುನೆಸ್ಕೊ ಈ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಹೀಗೆ ಮತ್ತೆ ಕಟ್ಟಿದ್ದಕ್ಕಾಗಿಯೇ.

ಎಲ್ಲವೂ ಮೊದಲಿದ್ದ ಹಾಗೇ ಇಲ್ಲ, ನಿಜ. ಮುಂಭಾಗ ಹಳೇ ಕಾಲದ್ದು, ಒಳಗೆ ಹೊಸ ಫ್ಲಾಟುಗಳು. ಹಿತ್ತಲಲ್ಲಿ ಒತ್ತೊತ್ತಾಗಿದ್ದ ಕಟ್ಟಡಗಳನ್ನು ಬೇಕೆಂದೇ ಕೈಬಿಟ್ಟರು, ಗಾಳಿ ಬೆಳಕು ಬರಲಿ ಅಂತ. ನನಗೆ ಇದು ಮೋಸ ಅನ್ನಿಸುವುದಿಲ್ಲ. ಮನುಷ್ಯರು ಬದುಕಲು ಕಟ್ಟಿಕೊಂಡ ಊರು ತಾನೇ?

ನನ್ನನ್ನು ಜಾಸ್ತಿ ಕಾಡುವುದು ಮತ್ತೆ ಕಟ್ಟದೆ ಬಿಟ್ಟ ಭಾಗ. ಯುದ್ಧಕ್ಕೆ ಮುಂಚೆ ವಾರ್ಸಾದ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರು ಯಹೂದಿ. ಅವರ ಮುರಾನುಫ್ ಪೇಟೆ ಘೆಟ್ಟೊ ಆಯಿತು, ಅಂದರೆ ಜರ್ಮನ್ನರು ಯಹೂದಿಗಳನ್ನು ಗೋಡೆಯೊಳಗೆ ಕೂಡಿಹಾಕಿದ ಜಾಗ. 1943ರಲ್ಲಿ ಅಲ್ಲಿನ ಯಹೂದಿಗಳು ದಂಗೆ ಎದ್ದ ನಂತರ ಜರ್ಮನ್ನರು ಅದನ್ನು ಪೂರ್ತಿ ನೆಲಸಮ ಮಾಡಿದರು. ಅದರ ಹಳೇ ಬೀದಿಗಳನ್ನು ಯಾರೂ ಮರಳಿ ಕಟ್ಟಲಿಲ್ಲ. ತೆಗೆದು ಮುಗಿಸಲಾರದಷ್ಟು ಅವಶೇಷ ಇತ್ತು, ಅದರ ಮೇಲೆಯೇ ಹೊಸ ಮನೆಗಳನ್ನು ಕಟ್ಟಿದರು. ಈಗಲೂ ಅಲ್ಲಿನ ಎಷ್ಟೋ ಮನೆಗಳು ದಿಬ್ಬದ ಮೇಲಿವೆ. ರಸ್ತೆಯಿಂದ ಮೆಟ್ಟಿಲು ಹತ್ತಿ ಹೋಗಬೇಕು. ಆ ದಿಬ್ಬದೊಳಗೆ ಇರುವುದು ಹಳೇ ಮುರಾನುಫ್.

ಆದ್ದರಿಂದ ಒಂದೇ ದಿನ ಇದ್ದರೂ ಬೆಳಿಗ್ಗೆ ಹಳೇ ಪೇಟೆ ನೋಡಿ, ಮಧ್ಯಾಹ್ನ ಮುರಾನುಫ್‌ಗೆ ಹೋಗಿ. ನಡೆದೇ ಹೋಗಬಹುದು. ಪೋಲೆಂಡಿನ ಯಹೂದಿಗಳ ಚರಿತ್ರೆ ಹೇಳುವ ಪೋಲಿನ್ ಮ್ಯೂಸಿಯಂ ಕೂಡ ಅಲ್ಲೇ ಇದೆ. ಅದಕ್ಕೆ ಮೂರು ಗಂಟೆಯಾದರೂ ಬೇಕು.