ಸೋಲಿನ ಕಾರಣ ಬರೆಯುವ ಮುನ್ನ ನಮ್ಮ ಜಿಲ್ಲೆಯ ಫಲಿತಾಂಶ ನೋಡಿ

ಫಲಿತಾಂಶದ ದಿನ ಸಂಜೆಯಾಗುತ್ತಿದ್ದಂತೆ ಪತ್ರಿಕಾ ಕಚೇರಿಯಲ್ಲಿ ಎಲ್ಲರೂ ಕೇಳುವ ಬರಹ ಒಂದೇ: ‘ಏಕೆ ಸೋತರು?’ ಚಿಕ್ಕಮಗಳೂರಿನ ಜಿಲ್ಲಾ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕುಳಿತು ಹಲವು ಚುನಾವಣೆಗಳನ್ನು ಕಂಡಿದ್ದೇನೆ. ಒಂದು ಕಡೆ ಎಣಿಕೆ ಕೇಂದ್ರದಿಂದ ಅಂಕಿಗಳು ಬರುತ್ತಿರುತ್ತವೆ, ಇನ್ನೊಂದು ಕಡೆ ಪುಟ ಮುದ್ರಣಕ್ಕೆ ಹೋಗುವ ಹೊತ್ತಾಗಿರುತ್ತದೆ. ಆ ಗಡಿಬಿಡಿಯಲ್ಲಿ ಮೊದಲು ಕೈಗೆ ಸಿಗುವುದು ನಾಯಕರ ಹೇಳಿಕೆ. ಸೋತವರು ಒಳಏಟು, ಹಣಬಲ ಎನ್ನುತ್ತಾರೆ. ಗೆದ್ದವರು ಜನ ಅವರನ್ನು ತಿರಸ್ಕರಿಸಿದರು ಎನ್ನುತ್ತಾರೆ. ಎರಡೂ ಅವರವರ ಅನುಕೂಲದ ಮಾತು. ಅದನ್ನೇ ವಿಶ್ಲೇಷಣೆ ಎಂದು ಅಚ್ಚು ಮಾಡುವುದು ಓದುಗರಿಗೆ ಮಾಡುವ ದ್ರೋಹ.

ಹೊಸದಾಗಿ ಸೇರಿದ ವರದಿಗಾರರಿಗೆ ಈ ಕೆಲಸ ಕಲಿಸಲು ನಾನು 2004ರ ಲೋಕಸಭಾ ಚುನಾವಣೆಯನ್ನೇ ಆರಿಸಿಕೊಳ್ಳುತ್ತೇನೆ. ಇತ್ತೀಚಿನದನ್ನು ಎತ್ತಿಕೊಂಡರೆ ಪಕ್ಷಪ್ರೀತಿ ಅಡ್ಡ ಬಂದು ಪಾಠ ವಾಗ್ವಾದವಾಗುತ್ತದೆ. 2004ರದ್ದು ಎಲ್ಲರಿಗೂ ಗೊತ್ತೆನಿಸುವ ಕಥೆ: ವಾಜಪೇಯಿ ಸರ್ಕಾರ ‘ಇಂಡಿಯಾ ಶೈನಿಂಗ್’ ಎಂದು ಜಾಹೀರಾತು ಕೊಟ್ಟಿತು, ಹೊಳಪು ಕಾಣದ ಹಳ್ಳಿಯವರು ಸಿಟ್ಟಾದರು, ಅವಧಿಗೆ ಮುನ್ನವೇ ಚುನಾವಣೆಗೆ ಹೋದ ಬಿಜೆಪಿ 182 ಸ್ಥಾನದಿಂದ 138ಕ್ಕೆ ಇಳಿಯಿತು. ಕೇಳಲು ಚೆನ್ನಾಗಿದೆ. ಹುಡುಗರು ಬರೆದು ತರುವುದೂ ಹೆಚ್ಚುಕಡಿಮೆ ಇದನ್ನೇ.

ಆಗ ನಾನು ಕೇಳುವುದು: “ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಏನಾಯಿತು ನೋಡಪ್ಪ.”

2004ರಲ್ಲಿ ಚಿಕ್ಕಮಗಳೂರಿನಲ್ಲಿ ಹೊಳಪೇನೂ ಇರಲಿಲ್ಲ. ಕಾಫಿ ಬೆಲೆ ಕುಸಿದ ಏಟಿನಿಂದ ಸಣ್ಣ ಬೆಳೆಗಾರರು ಎದ್ದಿರಲಿಲ್ಲ, ಬ್ಯಾಂಕ್ ಸಾಲ ತಲೆಯ ಮೇಲಿತ್ತು, ತೋಟಗಳಲ್ಲಿ ಕೂಲಿ ಕೆಲಸ ಕಡಿಮೆಯಾಗಿತ್ತು. ಬಯಲುಸೀಮೆಯ ಕಡೂರು, ತರೀಕೆರೆಯ ಕಡೆ ಬರ. ಹಳ್ಳಿಯ ಸಿಟ್ಟೇ ಕಾರಣವಾಗಿದ್ದರೆ ಬಿಜೆಪಿ ಇಲ್ಲಿ ನೆಲ ಕಚ್ಚಬೇಕಿತ್ತು. ಆದರೆ ಡಿ.ಸಿ. ಶ್ರೀಕಂಠಪ್ಪ ಇಲ್ಲಿಂದ ಅದೇ ಪಕ್ಷದಿಂದ ಮತ್ತೆ ಗೆದ್ದರು. ರಾಜ್ಯದ 28 ಸ್ಥಾನಗಳಲ್ಲಿ 18 ಬಿಜೆಪಿಗೆ ಬಂದವು. ಪಕ್ಕದ ಹಾಸನದಲ್ಲಿ ಗೆದ್ದವರು ಎಚ್.ಡಿ. ದೇವೇಗೌಡರು. ಅಕ್ಕಪಕ್ಕದ ಎರಡು ಜಿಲ್ಲೆಗಳು, ಎರಡೂ ಕಡೆ ಕಾಫಿ, ಎರಡೂ ಕಡೆ ಬರ. ಫಲಿತಾಂಶ ಮಾತ್ರ ಬೇರೆ ಬೇರೆ.

ಸಿಟ್ಟು ಇರಲಿಲ್ಲ ಎಂದಲ್ಲ. ಅದು ತಿರುಗಿದ್ದು ಬೆಂಗಳೂರಿನ ಸರ್ಕಾರದ ಮೇಲೆ. ಅದೇ ಹೊತ್ತಿಗೆ ನಡೆದ ವಿಧಾನಸಭಾ ಚುನಾವಣೆಯಲ್ಲಿ ಎಸ್.ಎಂ. ಕೃಷ್ಣ ಅವರ ಆಳುವ ಕಾಂಗ್ರೆಸ್ 65ಕ್ಕೆ ಇಳಿಯಿತು. ಬಿಜೆಪಿ 79, ಜೆಡಿಎಸ್ 58. ಬರಗಾಲದಲ್ಲಿ ರೈತನ ಕಣ್ಣಿಗೆ ಮೊದಲು ಬೀಳುವುದು ಹತ್ತಿರದ ಸರ್ಕಾರ. ನಮ್ಮ ಜಿಲ್ಲೆಯಲ್ಲಿ ಬಾಬಾಬುಡನ್‌ಗಿರಿಯ ದತ್ತಪೀಠ ಯಾರದ್ದೆಂಬ ಹಿಂದೂ-ಮುಸ್ಲಿಂ ವಿವಾದವೂ ರಾಜಕೀಯವನ್ನು ಕಾಯಿಸಿತ್ತು. ಅದನ್ನು ಬಿಟ್ಟು ಇಲ್ಲಿನ ಮತವನ್ನು ಅರ್ಥ ಮಾಡಿಕೊಳ್ಳಲು ಬರುವುದಿಲ್ಲ.

ಮುಂದಿನ ಕೆಲಸ, ರಾಜ್ಯವಾರು ಪಟ್ಟಿ ಹಿಡಿದು ಕೂರುವುದು. ಇಲ್ಲಿ ಆತುರ ಸಲ್ಲದು. ದೆಹಲಿ ಹಳ್ಳಿಯಲ್ಲ, 1999ರಲ್ಲಿ ಅಲ್ಲಿನ ಏಳೂ ಸ್ಥಾನ ಗೆದ್ದಿದ್ದ ಬಿಜೆಪಿಗೆ 2004ರಲ್ಲಿ ಉಳಿದದ್ದು ಒಂದು. ಹಳ್ಳಿಗಳೇ ತುಂಬಿದ ಮಧ್ಯಪ್ರದೇಶದಲ್ಲಿ 29ರಲ್ಲಿ 25, ರಾಜಸ್ಥಾನದಲ್ಲಿ 25ರಲ್ಲಿ 21 ಅದಕ್ಕೇ ಸಿಕ್ಕವು. ಅಲ್ಲಿ ಕೆಲವೇ ತಿಂಗಳ ಹಿಂದೆ ಬಿಜೆಪಿ ಸರ್ಕಾರಗಳು ಬಂದಿದ್ದವು, ಜನರಿಗೆ ಇನ್ನೂ ಬೇಸರ ಬಂದಿರಲಿಲ್ಲ. ಹಾಗೆಂದು ‘ರಾಜ್ಯ ಸರ್ಕಾರದ ಮೇಲಿನ ಸಿಟ್ಟು’ ಎಂಬ ಒಂದೇ ಸೂತ್ರಕ್ಕೆ ಜೋತುಬೀಳುವಂತೆಯೂ ಇಲ್ಲ. ಒಡಿಶಾದಲ್ಲಿ ಆಳುತ್ತಿದ್ದ ಬಿಜೆಡಿ (ಬಿಜು ಜನತಾದಳ) ಮತ್ತು ಬಿಜೆಪಿ ಮೈತ್ರಿ 21ರಲ್ಲಿ 18 ಗೆದ್ದಿತು.

ನಿಜವಾದ ಪೆಟ್ಟು ಬಿದ್ದದ್ದು ದಕ್ಷಿಣದ ಎರಡು ರಾಜ್ಯಗಳಲ್ಲಿ, ಅದೂ ಮಿತ್ರರ ಲೆಕ್ಕದಲ್ಲಿ. 1999ರಲ್ಲಿ ಆಂಧ್ರದಲ್ಲಿ ತೆಲುಗುದೇಶಂ 29, ಬಿಜೆಪಿ 7 ಗೆದ್ದಿದ್ದವು. 2004ರಲ್ಲಿ ತೆಲುಗುದೇಶಂ 5, ಬಿಜೆಪಿ ಸೊನ್ನೆ. ತಮಿಳುನಾಡಿನಲ್ಲಿ 1999ರಲ್ಲಿ ಡಿಎಂಕೆ, ಎಂಡಿಎಂಕೆ, ಪಿಎಂಕೆ ಮೊದಲಾದ ಮಿತ್ರರೊಂದಿಗೆ ಸೇರಿ 26 ಸ್ಥಾನ ಬಂದಿದ್ದವು. 2004ರಲ್ಲಿ ಹೆಸರಿಸಿದ ಈ ಮೂರೂ ಪಕ್ಷಗಳು ಕಾಂಗ್ರೆಸ್ ಕಡೆಗೆ ಹೋದವು, ಜಯಲಲಿತಾ ಅವರ ಪಕ್ಷದ ಜೊತೆ ನಿಂತ ಬಿಜೆಪಿಗೆ 39ರಲ್ಲಿ ಒಂದೂ ದಕ್ಕಲಿಲ್ಲ. ಎರಡೇ ರಾಜ್ಯಗಳಲ್ಲಿ 57 ಸ್ಥಾನ ಹೋದವು. ಮೈತ್ರಿಯ ಮಾತುಕತೆ ಮುರಿದದ್ದು ಜಾಹೀರಾತಿಗಿಂತ ಹೆಚ್ಚು ದುಬಾರಿಯಾಯಿತು ಎಂಬುದು ನನ್ನ ದೃಢ ಅಭಿಪ್ರಾಯ. ಉತ್ತರ ಪ್ರದೇಶದ 80ರಲ್ಲಿ ಬಿಜೆಪಿಗೆ ಕೇವಲ 10 ಸಿಕ್ಕದ್ದಕ್ಕೆ ಅಲ್ಲಿನ ಎಸ್‌ಪಿ, ಬಿಎಸ್‌ಪಿಗಳ ಕಥೆಯನ್ನೇ ಬೇರೆಯಾಗಿ ಬರೆಯಬೇಕು.

ಪಟ್ಟಿಯ ಇನ್ನೊಂದು ಸಾಲು ಹೊಸಬರನ್ನು ಪ್ರತಿ ಬಾರಿಯೂ ಬೆಚ್ಚಿಬೀಳಿಸುತ್ತದೆ. ಬಿಜೆಪಿಯ ಮತ ಶೇಕಡ 23.8ರಿಂದ 22.2ಕ್ಕೆ ಇಳಿದಿತ್ತು, ಸರಿ. ಗೆದ್ದ ಕಾಂಗ್ರೆಸ್ಸಿನ ಮತವೂ ಶೇಕಡ 28.3ರಿಂದ 26.5ಕ್ಕೆ ಇಳಿದಿತ್ತು! ಆದರೂ ಅದರ ಸ್ಥಾನಗಳು 114ರಿಂದ 145ಕ್ಕೆ ಏರಿದವು. ಮಿತ್ರಪಕ್ಷಗಳಿಗೆ ಕ್ಷೇತ್ರ ಬಿಟ್ಟುಕೊಟ್ಟದ್ದರಿಂದ ಅದು ಸ್ಪರ್ಧಿಸಿದ ಕಡೆ ಬಿಜೆಪಿ ಮೈತ್ರಿಯ ವಿರೋಧಿ ಮತ ಹಂಚಿಹೋಗಲಿಲ್ಲ. ಇದನ್ನು ಕಂಡ ಮೇಲೆ ‘ದೇಶವೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿತು’ ಎಂದು ಯಾರೂ ಬರೆಯಲಾರರು.

ಈಗ ನಮ್ಮಲ್ಲಿ ವಿಶ್ಲೇಷಣೆಯ ಕಾಪಿ ಬಂದರೆ ಒಂದು ವಿಷಯ ಖಡಾಖಂಡಿತ: ಕೊಟ್ಟ ಕಾರಣ ಇದ್ದೂ ಫಲಿತಾಂಶ ಉಲ್ಟಾ ಆದ ಒಂದು ಕ್ಷೇತ್ರವನ್ನಾದರೂ ಬರೆದವರು ಹುಡುಕಿ, ಅದಕ್ಕೆ ಉತ್ತರ ಬರೆದಿರಬೇಕು. ಉತ್ತರ ಸಿಗದಿದ್ದರೆ ಕಾರಣವನ್ನು ‘ಈ ಭಾಗದಲ್ಲಿ’ ಎಂದು ಮಿತಿಗೊಳಿಸುತ್ತೇವೆ. ‘ಮತದಾರರು ತಿರಸ್ಕರಿಸಿದರು’ ಎಂಬ ವಾಕ್ಯವನ್ನು ನಾನು ಅಚ್ಚಿಗೆ ಹೋಗಲು ಬಿಡುವುದೇ ಇಲ್ಲ. 2004ರಲ್ಲಿ ಸೋತ ಪಕ್ಷಕ್ಕೆ 8.6 ಕೋಟಿ ಜನ ಮತ ಹಾಕಿದ್ದರು, ಅವರೂ ಮತದಾರರೇ. ಮೂಡಿಗೆರೆಯಲ್ಲೋ ಅರಸೀಕೆರೆಯಲ್ಲೋ ಬೆಳಿಗ್ಗೆ ನಮ್ಮ ಪತ್ರಿಕೆ ಬಿಡಿಸುವವರಲ್ಲಿ ಅವರೂ ಇದ್ದಾರೆ.