ಹುಳಿ ಹಾಕಬಹುದಾ ಕೇಳು

"ಇದ್ರಲ್ಲಿ ಹುಳಿ ಹಾಕಿಡಬಹುದಾ? ಸ್ವಲ್ಪ ಕೇಳೇ ಅವರನ್ನ."

ಅಮ್ಮ ಕೇಳಿದ್ದು ಇಷ್ಟೇ. ಶನಿವಾರದಿಂದ ಆ ಪ್ರಶ್ನೆ, ಅದಕ್ಕೆ ಬಂದ ಉತ್ತರ ಎರಡೂ ನನ್ನ ತಲೆಯಲ್ಲೇ ಸುತ್ತುತ್ತಿವೆ. ಒಗ್ಗರಣೆ ಹಾಕುವಾಗ, ಕಾರು ಓಡಿಸುವಾಗ, ಆಫೀಸಿನ ಮೀಟಿಂಗ್ ನಡುವೆ ಕೂಡ.

ಸ್ಟರ್‌ಬ್ರಿಜ್ ವಿಲೇಜ್‌ಗೆ ಹೋಗಿದ್ದೆವು. ಇಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಊರಿಂದ ಅಪ್ಪ ಅಮ್ಮ ಬಂದರೆ ಕರೆದುಕೊಂಡು ಹೋಗುವ ಜಾಗಗಳಲ್ಲಿ ಅದೂ ಒಂದು. 1830ರ ಆಸುಪಾಸಿನ ನ್ಯೂ ಇಂಗ್ಲೆಂಡ್ ಹಳ್ಳಿ ಹೇಗಿತ್ತು ಅಂತ ತೋರಿಸುವ ಮ್ಯೂಸಿಯಂ. ಬೇರೆ ಬೇರೆ ಊರುಗಳಿಂದ ಹಳೇ ಕಟ್ಟಡಗಳನ್ನು ತಂದು ನಿಲ್ಲಿಸಿದ್ದಾರೆ. ಚರ್ಚು, ಗಿರಣಿ, ಬ್ಯಾಂಕು ಎಲ್ಲವನ್ನೂ ಅಮ್ಮ ನೋಡಿದಳು, ಮುಂದೆ ನಡೆದಳು. ಕುಂಬಾರನ ಅಂಗಡಿ ಬಂದಾಗ ನಿಂತಳು.

ಅದು ಹಾರ್ವಿ ಬ್ರೂಕ್ಸ್ ಎಂಬ ಕುಂಬಾರನ ಅಂಗಡಿ. ಕನೆಕ್ಟಿಕಟ್‌ನ ಗೋಶೆನ್‌ನಲ್ಲಿ 1819ರಲ್ಲಿ ಕಟ್ಟಿದ್ದು. ಬೇಸಾಯ ಮಾಡಿಕೊಂಡೇ ಮಡಕೆ ಮಾಡುತ್ತಿದ್ದ ಮನುಷ್ಯ. ಅವನ ಲೆಕ್ಕದ ಪುಸ್ತಕಗಳು ಉಳಿದಿವೆ. ಮಡಕೆ ಸುಡುವ ಅವನ ಆವಿಗೆ ಇದ್ದ ಜಾಗವನ್ನು ಅಗೆದು, ಸಿಕ್ಕಿದ್ದನ್ನು ನೋಡಿಕೊಂಡು ಇಲ್ಲೊಂದು ಆವಿಗೆ ಕಟ್ಟಿದ್ದಾರೆ. ಇವತ್ತಿಗೂ ಅದನ್ನು ಸೌದೆಯಲ್ಲೇ ಉರಿಸುತ್ತಾರೆ. ಅಂಗಡಿಯೊಳಗೆ ಆ ಕಾಲದ ಬಟ್ಟೆ ಹಾಕಿಕೊಂಡ ಕುಂಬಾರರೊಬ್ಬರು ಕಾಲಲ್ಲಿ ಒದೆಯುವ ತಿಗರಿಯ ಮುಂದೆ ಕೂತು ಬ್ರೂಕ್ಸ್ ಮಾಡುತ್ತಿದ್ದಂಥದ್ದೇ ಕೆಂಪು ಪಾತ್ರೆ ಎತ್ತುತ್ತಿದ್ದರು. ಅಗಲ ಬಾಯಿಯ ಹಾಲಿನ ಬೋಗುಣಿ. ಕೆನೆ ಮೇಲೆ ಬರಲಿ ಅಂತ ಹಾಲು ಹಾಕಿ ಬಿಡುತ್ತಿದ್ದ ಪಾತ್ರೆ.

ನಮ್ಮ ಮುಂದೆ ನಿಂತಿದ್ದವರೊಬ್ಬರು ಮಗನಿಗೆ, "ಇವೆಲ್ಲ ಡೂಪ್ಲಿಕೇಟು, ಒರಿಜಿನಲ್ ಆಗಿದ್ರೆ ಎಷ್ಟು ಬೆಲೆ ಬಾಳ್ತಿತ್ತು ಗೊತ್ತಾ" ಅಂತ ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದರು. ಕುಂಬಾರರಿಗೆ ಕೇಳಿಸುವಷ್ಟು ಜೋರಾಗಿ. ನನಗೆ ತುಂಬ ಬೇಜಾರಾಯಿತು. ಎದುರಿಗೆ ಮಣ್ಣು ಮೆತ್ತಿಕೊಂಡು ಕೂತಿರುವ ಮನುಷ್ಯನ ಕೆಲಸವನ್ನು ಹಾಗೆ ತಳ್ಳಿಹಾಕಬಾರದು. ಆ ಹುಡುಗ ಪಾಪ ತಿಗರಿಯನ್ನೇ ನೋಡುತ್ತಿದ್ದ. ಅವನಿಗೆ ಮಣ್ಣು ಮುಟ್ಟಬೇಕಿತ್ತು, ಅಷ್ಟೇ.

ಅವರು ಹೋದ ಮೇಲೆ ಅಮ್ಮ ಹತ್ತಿರ ಹೋಗಿ, ಸುಟ್ಟಿದ್ದ ಒಂದು ಬೋಗುಣಿಯನ್ನು ಬೆರಳ ಗಂಟಿನಿಂದ ತಟ್ಟಿ ಸದ್ದು ಕೇಳಿಸಿಕೊಂಡಳು. ಒಳಗಿನ ಮೆರುಗಿನ ಮೇಲೆ ಕೈಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, ಇದ್ರಲ್ಲಿ ಹುಳಿ ಹಾಕಿಡಬಹುದಾ ಅಂತ.

ನಾನು ಹೇಳಿದೆ. ಕುಂಬಾರರು ತಿಗರಿ ನಿಲ್ಲಿಸಿದರು. ಅಮ್ಮನ ಮುಖ ನೋಡಿಯೇ ಉತ್ತರ ಕೊಟ್ಟರು. "ನಾನು ಮಾಡಿದ್ದರಲ್ಲಿ ಹಾಕಬಹುದು. ಬ್ರೂಕ್ಸ್ ಮಾಡಿದ್ದು ಎಲ್ಲಾದರೂ ಸಿಕ್ಕರೆ ಹಾಕಬೇಡಿ ಅಂತ ಹೇಳಿ ನಿಮ್ಮ ಅಮ್ಮನಿಗೆ."

ಅಮ್ಮನಿಗೆ ತಕ್ಷಣ ಅರ್ಥವಾಯಿತು. "ಸೀಸಾನಾ?" ಅಂದಳು.

ಹೌದು, ಸೀಸ. ಆ ಕಾಲದ ಕೆಂಪು ಮಡಕೆಗೆ, ಇಲ್ಲಿಯವರು ರೆಡ್‌ವೇರ್ ಅನ್ನುವ ಪಾತ್ರೆಗೆ, ಬಳಿಯುತ್ತಿದ್ದ ಮೆರುಗಿನಲ್ಲಿ ಇದ್ದದ್ದು ಅದೇ. ಸೀಸವನ್ನು ಮರಳು, ಜೇಡಿಮಣ್ಣಿನ ಜೊತೆ ಅರೆದು ಹಚ್ಚುತ್ತಿದ್ದರು. ಅರೆಯುವಾಗ ಕುಂಬಾರನ ಮೈಗೂ ಸೇರುತ್ತಿತ್ತು. ಸುಮಾರು 1000 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಅದು ಕರಗಿ ಹೊಳೆಯುವ ಗಾಜಾಗುತ್ತದೆ. ಕಬ್ಬಿಣದಂಶ ಇರುವ ಕೆಂಪು ಮಣ್ಣು ಅದಕ್ಕಿಂತ ತುಂಬ ಜಾಸ್ತಿ ಶಾಖ ತಡೆಯುವುದಿಲ್ಲ, ಹಾಗಾಗಿ ಸೀಸ ಬಿಟ್ಟರೆ ಬೇರೆ ದಾರಿ ಕಷ್ಟವಿತ್ತು. ಆದರೆ ವಿನಿಗರ್, ಸೇಬಿನ ಸೈಡರ್, ಉಪ್ಪಿನಕಾಯಿಯಂಥ ಹುಳಿ ಪದಾರ್ಥ ಇಟ್ಟರೆ ಸೀಸ ನಿಧಾನಕ್ಕೆ ಅದರೊಳಗೆ ಇಳಿಯುತ್ತದೆ. ನೋಡಿದರೆ, ಮೂಸಿದರೆ ಗೊತ್ತಾಗುವುದಿಲ್ಲ.

ಜನಕ್ಕೆ ಗೊತ್ತಿರಲಿಲ್ಲ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. 1785ರಲ್ಲೇ ಫಿಲಡೆಲ್ಫಿಯಾದ ಒಂದು ಪತ್ರಿಕೆ ಸೀಸದ ಮೆರುಗು ಆರೋಗ್ಯಕ್ಕೆ ಒಳ್ಳೆಯದಲ್ಲ, ಸ್ಟೋನ್‌ವೇರ್ (ಜಾಸ್ತಿ ಬೆಂಕಿಯಲ್ಲಿ ಸುಟ್ಟು ಕಲ್ಲಿನಂತೆ ಗಟ್ಟಿಯಾಗುವ ಪಾತ್ರೆ) ಮಾಡುವವರಿಗೆ ಪ್ರೋತ್ಸಾಹ ಕೊಡಬೇಕು ಅಂತ ಬರೆದಿತ್ತು. ಬ್ರೂಕ್ಸ್ ಈ ಅಂಗಡಿ ಕಟ್ಟಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಅವನನ್ನು ದೂರಲು ನನಗೆ ಮನಸ್ಸಿಲ್ಲ. ನ್ಯೂ ಇಂಗ್ಲೆಂಡ್‌ನ ನೆಲದಲ್ಲಿ ಸಿಗುತ್ತಿದ್ದದ್ದು ಕೆಂಪು ಮಣ್ಣು. ಸ್ಟೋನ್‌ವೇರ್‌ಗೆ ಬೇಕಾದ, 1200 ಡಿಗ್ರಿಗಿಂತ ಹೆಚ್ಚು ಬೆಂಕಿ ತಡೆಯುವ ಮಣ್ಣು ನ್ಯೂಜೆರ್ಸಿ ಕಡೆಯಿಂದ ಹಡಗಿನಲ್ಲಿ ಬರಬೇಕಿತ್ತು. ಹಳ್ಳಿ ಕುಂಬಾರನಿಗೆ ಅದು ಎಟುಕುವ ಮಾತಲ್ಲ.

ಇದನ್ನು ಓದುತ್ತಾ ನನಗೆ ಸಿಕ್ಕವಳು ಗ್ರೇಸ್ ಪಾರ್ಕರ್. ಬಾಸ್ಟನ್ ಪಕ್ಕದ ಚಾರ್ಲ್ಸ್‌ಟೌನ್‌ನವಳು. 1740ರ ದಶಕದಲ್ಲಿ ಗಂಡ ಐಸಾಕ್ ಸ್ಟೋನ್‌ವೇರ್ ಮಾಡಲು ಹೊರಟು, ಕೆಲಸ ಕೈಗೂಡುವ ಮೊದಲೇ ತೀರಿಕೊಂಡ. ಇವಳು ಬಿಡಲಿಲ್ಲ. ಸರ್ಕಾರಕ್ಕೆ ಅರ್ಜಿ ಹಾಕಿ ಕೆಲಸ ಮುಂದುವರಿಸಿದಳು. ಅಲ್ಲಿನ ಮಣ್ಣು ಆ ಬೆಂಕಿಗೆ ನಿಲ್ಲಲಿಲ್ಲ. ಹೊರಗಿನಿಂದ ಮಣ್ಣು ತರಿಸಿದರೆ ಖರ್ಚು ಹುಟ್ಟಲಿಲ್ಲ. ಕೊನೆಗೆ ನಿಂತುಹೋಯಿತು. ಆ ಹೆಂಗಸಿನ ಬಗ್ಗೆ ನನಗೆ ಬಹಳ ಗೌರವ. ಅವಳ ಆವಿಗೆ ನಿಂತಿದ್ದರೆ ಈ ಸುತ್ತಿನ ಎಷ್ಟು ಅಡುಗೆಮನೆಗಳಿಗೆ ಒಳ್ಳೆಯ ಜಾಡಿ ಸಿಗುತ್ತಿತ್ತು!

ಆ ಸ್ಟೋನ್‌ವೇರ್‌ನ ಹೊರಮೈಗೆ ಮೆರುಗು ಬರುವುದು ಬರೀ ಉಪ್ಪಿನಿಂದ. ಬೆಂಕಿ ಚೆನ್ನಾಗಿ ಏರಿದಾಗ ಆವಿಗೆಯೊಳಗೆ ಉಪ್ಪು ಎರಚುತ್ತಾರೆ. ಉಪ್ಪು ಆವಿಯಾಗಿ, ಅದರ ಸೋಡಿಯಂ ಮಣ್ಣಿನ ಸಿಲಿಕಾ ಜೊತೆ ಸೇರಿ ಗಾಜಾಗುತ್ತದೆ. ಆ ತರಿತರಿ ಮೈಗೆ ಕಿತ್ತಳೆ ಸಿಪ್ಪೆ ಅಂತಲೇ ಹೆಸರಿದೆ. ಬೂದು ಬಣ್ಣದ ಜಾಡಿ, ಮೇಲೆ ಕೋಬಾಲ್ಟ್ ನೀಲಿಯಲ್ಲಿ ಹಕ್ಕಿಯೋ ಹೂವೋ. 1825ರಲ್ಲಿ ಈರಿ ಕಾಲುವೆ ತೆರೆದ ಮೇಲೆ ನ್ಯೂಜೆರ್ಸಿ ಕಡೆಯ ಆ ಮಣ್ಣು ದೋಣಿಯಲ್ಲಿ ನ್ಯೂಯಾರ್ಕ್ ರಾಜ್ಯದ ಒಳನಾಡಿಗೂ ಹೋಯಿತು, ಅಲ್ಲೆಲ್ಲ ಸ್ಟೋನ್‌ವೇರ್ ಬೆಳೆಯಿತು. ಜಾಡಿಯ ಒಳಗೆ ಬಳಿಯುತ್ತಿದ್ದ ಕಂದು ಮಣ್ಣು ಆ ರಾಜ್ಯದ ಆಲ್ಬನಿಯದು. ಆ ಗಣಿ 1980ರ ದಶಕದಲ್ಲಿ ಮುಚ್ಚಿತು. ಈಗ ಅಂಥ ಜಾಡಿ ಮಾಡುವವರು ಬೇರೆ ಮಣ್ಣಿನಲ್ಲಿ ಅದೇ ಕಂದು ಬರಿಸಬೇಕು.

ಅಂದರೆ ಹಳೆಯದನ್ನು ಇದ್ದದ್ದು ಇದ್ದ ಹಾಗೆ ಮಾಡುವುದು ಸಾಧ್ಯವೂ ಇಲ್ಲ, ಮಾಡಲೂಬಾರದು. ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು ಅಂತ ಪ್ರತಿ ಪಾತ್ರೆಗೂ ಯೋಚಿಸಬೇಕು. ಆಕಾರ ಇರಲಿ, ತಿಗರಿ ಇರಲಿ, ಸೌದೆಯ ಬೆಂಕಿ ಇರಲಿ, ಸೀಸ ಬೇಡ. ಡೂಪ್ಲಿಕೇಟು ಅಂದವರಿಗೆ ಈ ಯೋಚನೆಯ ಶ್ರಮ ಕಾಣಲಿಲ್ಲ. ನಾನು ಮಾಡಿದ್ದರಲ್ಲಿ ಹಾಕಬಹುದು, ಬ್ರೂಕ್ಸ್ ಮಾಡಿದ್ದರಲ್ಲಿ ಬೇಡ. ಎಷ್ಟು ಸಲ ನೆನೆಸಿಕೊಂಡರೂ ಆ ಮಾತು ನನಗೆ ಹಿಡಿಸುತ್ತದೆ. ಬ್ರೂಕ್ಸ್ ಮೇಲೆ ಅವರಿಗೆ ಅಷ್ಟು ಪ್ರೀತಿ. ಆದರೂ ಸತ್ಯ ಹೇಳಿದರು.

ಇನ್ನೊಂದು ವಿಷಯ. ಅವರು ಬೋಗುಣಿಯನ್ನು ಮಗುಚಿ ತೋರಿಸಿದರು. ತಳದಲ್ಲಿ ಗುರುತು, ಇಸವಿ. ನಾಳೆ ಯಾರೂ ಇದನ್ನು ಹಳೆಯದು ಅಂತ ಮಾರಬಾರದು, ಅದಕ್ಕೆ. ಹಳೆಯ ಕೆಂಪು ಮಡಕೆಗಳಲ್ಲಿ ಮಾಡಿದವರ ಹೆಸರೇ ಇಲ್ಲದವು ಜಾಸ್ತಿ.

ಹೆಸರು ಅಂದಾಗ ಡೇವ್ ನೆನಪಾಗುತ್ತಾನೆ. ಡೇವಿಡ್ ಡ್ರೇಕ್. ಸೌತ್ ಕ್ಯಾರೊಲಿನಾದ ಎಜ್‌ಫೀಲ್ಡ್‌ನಲ್ಲಿ ಗುಲಾಮನಾಗಿದ್ದ ಕುಂಬಾರ. ಗುಲಾಮರಿಗೆ ಓದು ಬರಹ ಕಲಿಸಬಾರದು ಅಂತ 1834ರಲ್ಲಿ ಅಲ್ಲಿ ಕಾನೂನೇ ಬಂತು. ಆಮೇಲೂ ಅವನು ಹಸಿ ಜಾಡಿಯ ಭುಜದ ಮೇಲೆ ತನ್ನ ಹೆಸರು, ತಾರೀಖು, ಎರಡೆರಡು ಸಾಲಿನ ಪದ್ಯ ಗೀಚುತ್ತಿದ್ದ. 1859ರಲ್ಲಿ ಸುಮಾರು 150 ಲೀಟರ್ ಹಿಡಿಯುವ ಜಾಡಿಗಳನ್ನು ಎತ್ತಿದ. 1857ರ ಒಂದು ಜಾಡಿಯ ಮೇಲೆ ತನ್ನ ಬಂಧುಗಳೆಲ್ಲ ಎಲ್ಲಿದ್ದಾರೋ ಅಂತ ಕೇಳುತ್ತಾನೆ, ಎಲ್ಲರಿಗೂ ಸ್ನೇಹ ಕೋರುತ್ತಾನೆ. ಅದನ್ನು ಓದಿ ಅಮ್ಮನಿಗೆ ಹೇಳಿದೆ. ಅವಳು ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಹೆಸರು ಬರೆದರೂ ಸಾಲದು. ನ್ಯೂಯಾರ್ಕಿನ ಕೊರ್ಲಿಯರ್ಸ್ ಹುಕ್‌ನಲ್ಲಿ ಥಾಮಸ್ ಕಾಮೆರಾ ಎಂಬ ಕುಂಬಾರ 1790ರ ದಶಕದ ಕೊನೆಯಿಂದ 1819ರ ತನಕ ತನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಜಾಡಿಗಳ ಮೇಲೆ ಒತ್ತಿದ. ಅವನು ಸ್ವತಂತ್ರನಾಗಿದ್ದ ಕಪ್ಪು ಮನುಷ್ಯ. ಸಂಗ್ರಹಕಾರರು ಅವನ ಜಾಡಿಗಳನ್ನು ಆಸೆಪಟ್ಟು ಕೊಂಡರು, ಆದರೆ ತಲೆಮಾರುಗಳ ಕಾಲ ಅವನನ್ನು ಬಿಳಿಯ ಅಂದುಕೊಂಡಿದ್ದರು. ಹಳೇ ಜನಗಣತಿ ದಾಖಲೆ ತೆಗೆದು ನೋಡಿದ ಮೇಲೆ ಗೊತ್ತಾಗಿದ್ದು.

ಹಳೇ ಜಾಡಿಗಳ ಹಕ್ಕಿ, ಟ್ಯೂಲಿಪ್‌ಗಳನ್ನು ಈಗಿನ ಕುಂಬಾರರು ಎಷ್ಟು ಬೇಕಾದರೂ ನಕಲು ಮಾಡಲಿ, ನನಗೆ ಸಂತೋಷವೇ. ಡೇವ್‌ನ ಜಾಡಿಯ ಆಕಾರವನ್ನೂ ಕಲಿಯಲಿ, ಅವನಿಂದ ಕಲಿತೆವು ಅಂತ ಹೇಳಿ ಕಲಿಯಲಿ. ಆದರೆ ಬಂಧುಗಳನ್ನು ಹುಡುಕುವ ಆ ಎರಡು ಸಾಲನ್ನು ಮನೆ ಅಲಂಕಾರಕ್ಕೆ ಬರೆದು ಮಾರುವುದು ನನಗೆ ಒಪ್ಪಿಗೆಯಿಲ್ಲ. ಸೀಸ ಬಿಟ್ಟರೆ ಪಾತ್ರೆಗೆ ನಷ್ಟವಿಲ್ಲ. ಬರೆದವನ ಪಾಡನ್ನು ಬಿಟ್ಟು ಸಾಲನ್ನು ಮಾತ್ರ ಇಟ್ಟುಕೊಂಡರೆ ಅದು ಅವನಿಗೆ ಮತ್ತೊಂದು ಸಲ ಮಾಡುವ ಅನ್ಯಾಯ.

ಅವನ 1857ರದ್ದೇ ಇನ್ನೊಂದು ಜಾಡಿ ಬಾಸ್ಟನ್‌ನ ಫೈನ್ ಆರ್ಟ್ಸ್ ಮ್ಯೂಸಿಯಂನಲ್ಲಿದೆ. ಈ ಜಾಡಿ ದುಡ್ಡಿಗಾಗಿ ಮಾಡಿದೆ ಅಂತ ಅದರ ಮೇಲೆ ಬರೆದಿದ್ದಾನೆ. ಆ ದುಡ್ಡು ಯಾರ ಕೈ ಸೇರುವುದು ಅಂತ ಅವನಿಗೆ ಗೊತ್ತಿರಲಿಲ್ಲವೇ! 2025ರಲ್ಲಿ ಆ ಮ್ಯೂಸಿಯಂ ಡೇವ್‌ನ ಜಾಡಿಗಳ ಒಡೆತನವನ್ನು ಅವನ ವಂಶದವರಿಗೆ ಒಪ್ಪಿಸಿತು. ಈ ಜಾಡಿಯನ್ನು ಅವರಿಂದಲೇ ದುಡ್ಡು ಕೊಟ್ಟು ಕೊಂಡಿತು. ಅಮ್ಮ ಊರಿಗೆ ಹೊರಡುವ ಮೊದಲು ಒಂದು ದಿನ ರಜೆ ಹಾಕಿ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.